ಬರುವ ಬುಧವಾರ ಯಾರ ಮಗು ಬರಬೇಕು? ಗಡಿನಾಡಿನ ವಾರ್ಡಿಗೊಂದು ಲಸಿಕೆ ದಾಖಲೆ ಕಟ್ಟುವ ಬಗೆ

ಕೇರಳದ ಬದಿಯಡ್ಕದ ಸೊಸೆ, ಕರ್ನಾಟಕದ ವಿಟ್ಲದ ಮಗಳು. ಹೆರಿಗೆ ದೇರಳಕಟ್ಟೆಯ ಆಸ್ಪತ್ರೆಯಲ್ಲಿ. ಬಿಸಿಜಿ, ಹೆಪಟೈಟಿಸ್ ಬಿ, ಮೊದಲ ಪೋಲಿಯೋ ಹನಿ ಅಲ್ಲೇ ಆಯಿತು. ಬಾಣಂತನ ತವರಿನಲ್ಲಿ, ಹಾಗಾಗಿ ಒಂದೂವರೆ ತಿಂಗಳ ಚುಚ್ಚುಮದ್ದು ವಿಟ್ಲದ ಕಡೆ. ಮೂರನೇ ತಿಂಗಳು ಹಿಡಿಯುವಾಗ ಮಗುವನ್ನೆತ್ತಿಕೊಂಡು ಗಡಿಯ ಸಾರಡ್ಕ ದಾಟಿ ಗಂಡನ ಮನೆಗೆ ಬಂದಳು. ಆ ಬದಿಯ ರಿಜಿಸ್ಟರಿನಲ್ಲಿ ಮಗುವಿನ ಹೆಸರಿದೆ, ಎದುರಿಗೆ ‘ಬಂದಿಲ್ಲ’ ಎಂದು ಬರೆದಿದೆ. ಈ ಬದಿಯ ರಿಜಿಸ್ಟರಿನಲ್ಲಿ ಹೆಸರೇ ಇಲ್ಲ. ಎರಡು ಪುಸ್ತಕಗಳಲ್ಲಿ ಯಾವುದೂ ಸುಳ್ಳಲ್ಲ. ಮಗು ಮಾತ್ರ ಎರಡರಿಂದಲೂ ಜಾರಿಹೋಗಿದೆ.

ಕಾಸರಗೋಡಿನಲ್ಲಿ, ಅದರಲ್ಲೂ ಮಂಜೇಶ್ವರ ತಾಲೂಕಿನಲ್ಲಿ ಮತ್ತು ಬದಿಯಡ್ಕ, ಬೆಳ್ಳೂರು, ದೇಲಂಪಾಡಿಯಂಥ ಗಡಿಯ ಆಸುಪಾಸಿನ ಪಂಚಾಯತುಗಳಲ್ಲಿ, ಇದು ದಿನನಿತ್ಯದ ಕಥೆ. ಲಸಿಕೆ ಬೇಡ ಎನ್ನುವ ಮನೆಗಳ ಬಗ್ಗೆ ನಾವು ಬಹಳ ಮಾತಾಡುತ್ತೇವೆ. ನಾನು ಕಂಡಂತೆ ಡೋಸು ತಪ್ಪುವುದು ಹೆಚ್ಚಾಗಿ ಬೇಡವೆಂದಲ್ಲ, ಯಾರೂ ಕರೆಯಲಿಲ್ಲವೆಂದು. ಆದ್ದರಿಂದ ಕೆಳಗೆ ಹೇಳುವ ವ್ಯವಸ್ಥೆಯ ಗುರಿ ಒಂದೇ ಪ್ರಶ್ನೆಗೆ ಉತ್ತರ ಕೊಡುವುದು: ಬರುವ ಬುಧವಾರ, ಅಂದರೆ ಇಲ್ಲಿಯ ಲಸಿಕೆಯ ದಿನ, ಯಾವ ಮಗು ಬರಬೇಕು, ಅದು ಈಗ ಎಲ್ಲಿದೆ? ಈ ಪ್ರಶ್ನೆಗೆ ಉಪಕಾರವಿಲ್ಲದ ಒಂದು ಕಾಲಂ ಕೂಡ ನಿಮ್ಮ ಪಟ್ಟಿಯಲ್ಲಿ ಇರಬಾರದು.

ಶುರುವಿಗೆ ಮುಂಚೆ ಎರಡು ಮಾತು

ಲಸಿಕೆ ದಾಖಲಿಸಲು ಸರಕಾರದ್ದೇ ಆದ ಜಾಲತಾಣ ಯು-ವಿನ್ ಇದೆ. ಕೋವಿಡ್ ಕಾಲದ ಕೋ-ವಿನ್ ಮಾದರಿಯಲ್ಲಿ ಕಟ್ಟಿದ್ದು. 2023ರ ಜನವರಿಯಲ್ಲಿ ದೇಶದ 65 ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಶುರುವಾಗಿ ಆಮೇಲೆ ಎಲ್ಲ ಕಡೆ ಬಂತು. ತಂದೆತಾಯಿಯೇ ನೋಂದಾಯಿಸಬಹುದು, ಡೋಸು ಆದ ಮೇಲೆ ಕ್ಯೂಆರ್ ಕೋಡ್ ಇರುವ ಪ್ರಮಾಣಪತ್ರ ಸಿಗುತ್ತದೆ, ಎರಡು ರಾಜ್ಯಗಳಿಗೂ ಒಂದೇ ವ್ಯವಸ್ಥೆ. ನೀವು ಕಟ್ಟುವುದು ಇದಕ್ಕೆ ಪರ್ಯಾಯವಲ್ಲ. ಅಧಿಕೃತ ದಾಖಲೆ ಅದೇ. ನಿಮ್ಮದು ವಾರ್ಡಿನೊಳಗೆ ಹುಡುಕಿ ಕರೆಯುವ ಪಟ್ಟಿ. ನರ್ಸಮ್ಮನ ಕೈಯಲ್ಲಿ ಒಂದೇ ವಿಷಯವನ್ನು ಎರಡು ಸಲ ಬರೆಸಲು ಹೊರಟರೆ ನಿಮ್ಮ ಯೋಜನೆ ಮೂರನೇ ವಾರಕ್ಕೆ ಸಾಯುತ್ತದೆ, ಸಾಯಲೂ ಬೇಕು.

ಇನ್ನೊಂದು, ಕುಟುಂಬಾರೋಗ್ಯ ಕೇಂದ್ರದ ವೈದ್ಯಾಧಿಕಾರಿಯ ಒಪ್ಪಿಗೆಯಿಲ್ಲದೆ ಒಂದು ಹೆಸರನ್ನೂ ಬರೆದುಕೊಳ್ಳಬೇಡಿ. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಕ್ಷೇತ್ರದ ನರ್ಸ್, ವಾರ್ಡ್ ಮೆಂಬರ್ ಈ ನಾಲ್ವರು ಒಂದು ಮೇಜಿನ ಸುತ್ತ ಕೂತು ಚಾ ಕುಡಿಯದೆ ಕಂಪ್ಯೂಟರ್ ತೆರೆಯುವುದೂ ಬೇಡ.

ಮೊದಲ ಹಂತ: ಕಾರ್ಡುಗಳನ್ನು ಹರಡಿಕೊಳ್ಳಿ

ತಂತ್ರಾಂಶದವರು ಮೊದಲು ಫಾರಂ ಬರೆಯುತ್ತಾರೆ, ಆಮೇಲೆ ಕಾರ್ಡ್ ನೋಡುತ್ತಾರೆ. ತಿರುಗಿಸಿ ಮಾಡಿ. ಅಂಗನವಾಡಿಯಲ್ಲಿ ಒಂದು ಬೆಳಗ್ಗೆ ಕೂತು ಒಂದು 40 ಮಕ್ಕಳ ಕಾರ್ಡುಗಳನ್ನು ತರಿಸಿ ನೋಡಿ. ನಮ್ಮಲ್ಲಿ ಏನೇನು ಸಿಗುತ್ತದೆ ಎಂದರೆ: ಕೇರಳದ ತಾಯಿ-ಮಗು ಕಾರ್ಡು, ಮಲಯಾಳದಲ್ಲಿ. ಕರ್ನಾಟಕದ ತಾಯಿ ಕಾರ್ಡು, ಕನ್ನಡದಲ್ಲಿ. ಮಂಗಳೂರಿನ ಖಾಸಗಿ ಆಸ್ಪತ್ರೆಯ ಬಣ್ಣದ ಪುಸ್ತಕ, ಇಂಗ್ಲಿಷಿನಲ್ಲಿ, ಲಸಿಕೆಯ ಹೆಸರಿನ ಬದಲು ಬಾಟಲಿಯಿಂದ ಕಿತ್ತು ಅಂಟಿಸಿದ ಕಂಪೆನಿ ಸ್ಟಿಕ್ಕರು. ದುಬೈಯಲ್ಲೋ ಸೌದಿಯಲ್ಲೋ ಹುಟ್ಟಿದ ಮಗುವಾದರೆ ಅರಬಿಯ ಕಾರ್ಡು. ಒಮ್ಮೆ ಅದರ ಅಂಕಿಗಳನ್ನು ಮದರಸದ ಉಸ್ತಾದರು ಓದಿಕೊಟ್ಟ ಮೇಲೆಯೇ ದಿನಾಂಕ ಗೊತ್ತಾಯಿತು. ಮತ್ತೆ ಕಾರ್ಡೇ ಇಲ್ಲದ್ದು: ಮಳೆಗೆ ಒದ್ದೆಯಾಗಿ ಹಾಳಾದದ್ದು, ಗೆದ್ದಲು ತಿಂದದ್ದು, “ಎಲ್ಲ ಆಗಿದೆ ಮಗಾ, ಡಾಕ್ಟ್ರು ಕೊಟ್ಟಿದ್ದಾರೆ” ಎಂಬ ಅಜ್ಜಿಯ ಮಾತೊಂದೇ ಉಳಿದದ್ದು.

ಈ 40ರಲ್ಲಿ ನಿಮ್ಮ ವ್ಯವಸ್ಥೆಯ ಎಲ್ಲ ತೊಡಕುಗಳೂ ಕಾಣಸಿಗುತ್ತವೆ. ಒಂದೊಂದನ್ನೂ ನೋಟ್ ಪುಸ್ತಕದಲ್ಲಿ ಬರೆದಿಡಿ. ಮುಂದೆ ಯಾವ ಕಾಲಂ ಬೇಕು, ಯಾವುದು ಬೇಡ ಎಂಬ ತಕರಾರು ಬಂದಾಗ ಈ ಪುಸ್ತಕವೇ ನ್ಯಾಯ ಹೇಳಬೇಕು.

ಎರಡನೇ ಹಂತ: ಮಗುವಿಗೊಂದು ಗುರುತು

ಇಲ್ಲಿ ನಿಧಾನ ಮಾಡಿ. ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ನಾನು ಮೊದಲು ಮಾಡಿದ ಪಟ್ಟಿಯಲ್ಲಿ ಫೋನ್ ನಂಬರನ್ನೇ ಮಗುವಿನ ಗುರುತು ಮಾಡಿದ್ದೆ. ಹೆಸರು ತಪ್ಪಬಹುದು, ನಂಬರ್ ತಪ್ಪಲಿಕ್ಕಿಲ್ಲ ಎಂಬ ಜಾಣತನ. ಒಂದೇ ಮನೆಯಲ್ಲಿ ಅಕ್ಕತಂಗಿಯರ ಎರಡು ಮಕ್ಕಳು, ಎರಡಕ್ಕೂ ಕೊಟ್ಟದ್ದು ಮಾವನ ನಂಬರು. ಪಟ್ಟಿ ಎರಡನ್ನೂ ಒಂದು ಮಾಡಿ, ದೊಡ್ಡದರ ಡೋಸುಗಳನ್ನು ಚಿಕ್ಕದರ ಲೆಕ್ಕಕ್ಕೆ ಹಾಕಿ, ‘ಪೂರ್ಣ’ ಎಂದು ಹಸಿರು ಬಣ್ಣ ಬಳಿಯಿತು. ಚಿಕ್ಕ ಮಗುವಿನ 9ನೇ ತಿಂಗಳ ದಡಾರ-ರುಬೆಲ್ಲಾ ಲಸಿಕೆ ನಾಲ್ಕು ತಿಂಗಳು ತಡವಾಯಿತು. ಕಂಡುಹಿಡಿದದ್ದು ಪಟ್ಟಿಯಲ್ಲ, ಆಶಾ ಕಾರ್ಯಕರ್ತೆ. ತಪ್ಪು ಪೂರ್ತಿ ನನ್ನದು.

ಹಾಗಾಗಿ ಮಗುವಿಗೆ ನಿಮ್ಮದೇ ಒಂದು ಕ್ರಮಸಂಖ್ಯೆ ಕೊಡಿ: ವಾರ್ಡ್ ನಂಬರು, ಹುಟ್ಟಿದ ವರ್ಷ, ಸರಣಿ ಸಂಖ್ಯೆ. ಅರ್ಥ ತುಂಬಿದ ಸಂಕೇತಗಳು ಬೇಡ. ಆ ಸಂಖ್ಯೆಯನ್ನು ಕಾರ್ಡಿನ ಒಳಬದಿಯಲ್ಲಿ ಪೆನ್ನಿನಲ್ಲಿ ಬರೆಯಿರಿ. ಯು-ವಿನ್ ಸಂಖ್ಯೆ, ಕರ್ನಾಟಕದ ತಾಯಿ ಕಾರ್ಡ್ ಸಂಖ್ಯೆ, 14 ಅಂಕಿಯ ಆಭಾ (ಡಿಜಿಟಲ್ ಆರೋಗ್ಯ ಖಾತೆ) ಸಂಖ್ಯೆ ಇದ್ದರೆ ಪಕ್ಕದಲ್ಲಿ ಬರೆದುಕೊಳ್ಳಿ. ಇಲ್ಲವೆಂದು ಯಾವ ಮಗುವನ್ನೂ ಹೊರಗಿಡಬೇಡಿ. ಆಧಾರ್ ನಿಮಗೆ ಬೇಡವೇ ಬೇಡ.

ಹೆಸರಿನ ವಿಷಯ. ಹುಟ್ಟಿದ ಆಸ್ಪತ್ರೆಯ ಕಾಗದದಲ್ಲಿ ಮಗುವಿಗೆ ಹೆಸರಿರುವುದಿಲ್ಲ, ಇಂಥವಳ ಮಗು ಎಂದಷ್ಟೇ ಇರುತ್ತದೆ. ತೊಟ್ಟಿಲಿಗೆ ಹಾಕಿದ ಮೇಲೆ ಒಂದು ಹೆಸರು, ಮನೆಯಲ್ಲಿ ಕರೆಯುವುದು ಇನ್ನೊಂದು, ಅಂಗನವಾಡಿಗೆ ಸೇರಿಸುವಾಗ ಮೂರನೆಯದು. ಅದಕ್ಕೆ ಸರಿಯಾಗಿ ನಮ್ಮ ಲಿಪಿಗಳ ಆಟ ಬೇರೆ. ಒಬ್ಬಳೇ ತಾಯಿ ಒಂದು ಕಡೆ ಆಯಿಷಾ, ಇನ್ನೊಂದು ಕಡೆ ಆಯಿಶಾ, ಮತ್ತೊಂದು ಕಡೆ ಐಶಾ. ಊರು ಒಂದು ಕಡೆ ಮಂಜೇಶ್ವರ, ಇನ್ನೊಂದು ಕಡೆ ಮಂಜೇಶ್ವರಂ; ಕುಂಬಳೆಯೇ ಕುಂಬ್ಳ. ಈ ಬದಿಯ ಕಾಗದಗಳಲ್ಲಿ ಮನೆಹೆಸರು ಮುಖ್ಯ, ಆ ಬದಿಯಲ್ಲಿ ಗಂಡನ ಹೆಸರು. ಅಕ್ಷರಕ್ಕೆ ಅಕ್ಷರ ಹೋಲಿಸಿದರೆ ಒಂದೇ ಮಗು ಮೂರಾಗುತ್ತದೆ.

ಹೋಲಿಸಬೇಕಾದದ್ದು ಈ ಕ್ರಮದಲ್ಲಿ: ಹುಟ್ಟಿದ ದಿನ, ತಾಯಿಯ ಹೆಸರು ಬಾಯಲ್ಲಿ ಹೇಳಿದಂತೆ, ಎಷ್ಟನೇ ಮಗು, ಹುಟ್ಟಿದ ಆಸ್ಪತ್ರೆ ಇರುವ ಊರು. ಅವಳಿಗಳಾದರೆ ‘ಅವಳಿ 1’, ‘ಅವಳಿ 2’ ಎಂದು ಬೇರೆಯೇ ಕಾಲಂ. ಅವಳಿಗಳಿಗೆ ಇವೆಲ್ಲವೂ ಒಂದೇ ಆಗಿರುತ್ತದೆ. ನಾಲ್ಕರಲ್ಲಿ ಮೂರು ಹೊಂದಿದರೆ ‘ಒಂದೇ ಇರಬಹುದು’ ಎಂದು ಗುರುತು ಮಾಡಿ ಆಶಾ ಕಾರ್ಯಕರ್ತೆಗೆ ಕೊಡಿ. ಒಂದೋ ಎರಡೋ ಎಂದು ತೀರ್ಮಾನ ಮಾಡುವುದು ಮನುಷ್ಯರು, ಯಂತ್ರ ಅಲ್ಲ. ಹೆಸರನ್ನು ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಬರೆಯುವ ಜಾಗ ಇಡಿ, ಆದರೆ ಒಂದು ತುಂಬಿದರೂ ಸಾಕು ಎಂದಿರಲಿ. ಯುನಿಕೋಡಿನಲ್ಲೇ ಬರೆಯಿರಿ, ಯುನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಪಟ್ಟಿಯಲ್ಲಿ ಹುಡುಕಲಿಕ್ಕೇ ಆಗುವುದಿಲ್ಲ.

ಫೋನ್ ನಂಬರು ಎರಡಿರಲಿ. ಒಂದು ಯಾರ ಕೈಯಲ್ಲಿ ಮಗು ಇದೆಯೋ ಅವರದು, ಬಹಳ ಸಲ ಅಜ್ಜಿಯದು. ಇನ್ನೊಂದು ತಂದೆಯದು, ಗಲ್ಫಿನಲ್ಲಿರುವ ತಂದೆ ವಾಟ್ಸಾಪಿನಲ್ಲಿ ಸಿಗುತ್ತಾರೆ, ಸಾದಾ ಕರೆಗೆ ಸಿಗುವುದಿಲ್ಲ. ಯಾರದು ಎಂದು ಪಕ್ಕದಲ್ಲಿ ಬರೆಯಿರಿ.

ಮೂರನೇ ಹಂತ: ಒಂದು ಡೋಸಿಗೆ ಒಂದು ಸಾಲು

ಮಗುವಿನ ಎದುರು ಬಿಸಿಜಿ, ಪೆಂಟಾ 1, ಪೆಂಟಾ 2 (ಪೆಂಟಾ ಎಂದರೆ ಐದು ರೋಗಗಳಿಗೆ ಒಂದೇ ಚುಚ್ಚುಮದ್ದು) ಎಂದು ಅಡ್ಡಕ್ಕೆ ಕಾಲಂ ಎಳೆಯುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ವೇಳಾಪಟ್ಟಿ ಬದಲಾದ ದಿನ ಅದು ಮುರಿಯುತ್ತದೆ. 2023ರ ಜನವರಿಯಿಂದ 9ನೇ ತಿಂಗಳಿಗೆ ಪೋಲಿಯೋ ಚುಚ್ಚುಮದ್ದಿನ ಮೂರನೇ ಡೋಸು ಸೇರಿತು; ಅಡ್ಡ ಕಾಲಂ ಹಾಕಿದವರು ಎಲ್ಲ ಹಾಳೆಗಳನ್ನೂ ತಿದ್ದಬೇಕಾಯಿತು. ಬದಲಿಗೆ ಎರಡು ಹಾಳೆ ಮಾಡಿ. ಒಂದು ಮಕ್ಕಳದು. ಇನ್ನೊಂದು ಡೋಸುಗಳದು, ಅದರಲ್ಲಿ ಮಗುವಿನ ಸಂಖ್ಯೆ, ಲಸಿಕೆ, ಕೊಟ್ಟ ದಿನ, ಕೊಟ್ಟ ಜಾಗ, ಬ್ಯಾಚ್ ಸಂಖ್ಯೆ ಗೊತ್ತಿದ್ದರೆ ಅದು, ಮತ್ತೆ ‘ಆಧಾರ ಏನು’ ಎಂಬ ಕಾಲಂ.

ಆ ಕೊನೆಯ ಕಾಲಂ ಬಹುಮುಖ್ಯ. ಕಾರ್ಡಿನಲ್ಲಿ ದಿನಾಂಕ ಕಣ್ಣಾರೆ ನೋಡಿದ್ದು, ಆಸ್ಪತ್ರೆಯ ಪುಸ್ತಕದಲ್ಲಿ ಸಿಕ್ಕಿದ್ದು, ಯು-ವಿನ್ನಿನಲ್ಲಿ ಕಂಡದ್ದು, ಮನೆಯವರು ಬಾಯಲ್ಲಿ ಹೇಳಿದ್ದು, ಇವು ನಾಲ್ಕೂ ಒಂದೇ ತೂಕದವಲ್ಲ. ಅಜ್ಜಿಯ ಮಾತನ್ನು ಬರೆಯಿರಿ, ಬಾಯಿಮಾತು ಎಂದೇ ಬರೆಯಿರಿ. ಅದನ್ನು ಡೋಸೆಂದು ಒಪ್ಪುವುದೋ ಮತ್ತೆ ಕೊಡುವುದೋ ಎಂಬುದು ವೈದ್ಯಾಧಿಕಾರಿಯ ತೀರ್ಮಾನ.

ಸ್ಟಿಕ್ಕರಿನ ತೊಡಕಿಗೆ ಒಂದು ಸಣ್ಣ ಅನುವಾದ ಪಟ್ಟಿ ಬೇಕು. ಹೆಕ್ಸಾಕ್ಸಿಮ್ ಎಂದಿದ್ದರೆ ಅದರೊಳಗೆ ಪೆಂಟಾದ ಐದೂ ಇದೆ, ಪೋಲಿಯೋ ಚುಚ್ಚುಮದ್ದೂ ಇದೆ. ಎಂಎಂಆರ್ ಎಂದರೆ ದಡಾರ-ರುಬೆಲ್ಲಾದ ಜತೆಗೆ ಕೆಪ್ಪಟೆಯ ಲಸಿಕೆಯೂ ಸೇರಿದೆ. ಭೇದಿ ತಡೆಯುವ ರೋಟಾ ಲಸಿಕೆಗಳಲ್ಲಿ ರೋಟಾವ್ಯಾಕ್, ರೋಟಾಸಿಲ್ ಮೂರು ಡೋಸಿನವು; ರೋಟಾರಿಕ್ಸ್ ಎರಡೇ ಡೋಸು. ಗಲ್ಫಿನಿಂದ ಬಂದ ಮಗುವಿನ ಎದುರು ‘ರೋಟಾ 3 ಬಾಕಿ’ ಎಂದು ನಿಮ್ಮ ಪಟ್ಟಿ ತೋರಿಸಿದರೆ ತಾಯಿಗೆ ವಿನಾಕಾರಣ ಗಾಬರಿ. ಈ ಪಟ್ಟಿಯನ್ನು ನೀವು ಮಾಡಬೇಡಿ, ಮಕ್ಕಳ ಡಾಕ್ಟರ ಹತ್ತಿರ ಒಮ್ಮೆ ಬರೆಸಿಕೊಂಡು ಸಹಿ ಹಾಕಿಸಿ ಇಟ್ಟುಕೊಳ್ಳಿ.

ಅಭಿಯಾನದ ಡೋಸುಗಳಿಗೆ ಬೇರೆ ಗುರುತು ಹಾಕಿ. ಪಲ್ಸ್ ಪೋಲಿಯೋ ಭಾನುವಾರದ ಹನಿ ವಾಡಿಕೆಯ ಹನಿಯ ಲೆಕ್ಕಕ್ಕೆ ಬರುವುದಿಲ್ಲ. ಇದು ಗಡಿಯಲ್ಲಿ ಇನ್ನೂ ಗೋಜಲು: 2017ರಲ್ಲಿ ದಡಾರ-ರುಬೆಲ್ಲಾ ಅಭಿಯಾನ ಕರ್ನಾಟಕದಲ್ಲಿ ಫೆಬ್ರವರಿಯಲ್ಲಿ ನಡೆಯಿತು, ಕೇರಳದಲ್ಲಿ ಅಕ್ಟೋಬರಿನಲ್ಲಿ. ನಡುವೆ ಮನೆ ಬದಲಿಸಿದ ಮಗು ಎರಡೂ ಕಡೆ ಹಾಕಿಸಿಕೊಂಡಿರಬಹುದು, ಎರಡೂ ಕಡೆ ತಪ್ಪಿಸಿಕೊಂಡಿರಲೂಬಹುದು. ಕಾರ್ಡಿನಲ್ಲಿ ‘ಎಂಆರ್’ (ದಡಾರ-ರುಬೆಲ್ಲಾ) ಎಂದು ಗೀಚಿದ್ದನ್ನು ನೋಡಿ ಯಾವುದೆಂದು ಹೇಳಲಿಕ್ಕಾಗದು.

ನಾಲ್ಕನೇ ಹಂತ: ಮುಂದಿನ ದಿನಾಂಕದ ಲೆಕ್ಕ

ರಾಷ್ಟ್ರೀಯ ವೇಳಾಪಟ್ಟಿಯ ಮುಖ್ಯ ಭಾಗ ಹೀಗೆ:

ಹುಟ್ಟಿದಾಗ – ಬಿಸಿಜಿ, ಹೆಪಟೈಟಿಸ್ ಬಿ (24 ಗಂಟೆಯೊಳಗೆ), ಪೋಲಿಯೋ ಹನಿ (15 ದಿನದೊಳಗೆ)
6 ವಾರ – ಹನಿ 1, ಪೆಂಟಾ 1, ರೋಟಾ 1, ಪೋಲಿಯೋ ಚುಚ್ಚುಮದ್ದು 1, ನ್ಯುಮೋಕಾಕಲ್ (ನ್ಯುಮೋನಿಯಾ ತಡೆಗೆ) 1
10 ವಾರ – ಹನಿ 2, ಪೆಂಟಾ 2, ರೋಟಾ 2
14 ವಾರ – ಹನಿ 3, ಪೆಂಟಾ 3, ರೋಟಾ 3, ಪೋಲಿಯೋ ಚುಚ್ಚುಮದ್ದು 2, ನ್ಯುಮೋಕಾಕಲ್ 2
9 ತಿಂಗಳು ತುಂಬಿದ ಮೇಲೆ – ದಡಾರ-ರುಬೆಲ್ಲಾ 1, ನ್ಯುಮೋಕಾಕಲ್ ಬೂಸ್ಟರ್, ಪೋಲಿಯೋ ಚುಚ್ಚುಮದ್ದು 3
16ರಿಂದ 24 ತಿಂಗಳು – ದಡಾರ-ರುಬೆಲ್ಲಾ 2, ಡಿಪಿಟಿ (ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು) ಬೂಸ್ಟರ್ 1, ಹನಿಯ ಬೂಸ್ಟರ್
5–6 ವರ್ಷ – ಡಿಪಿಟಿ ಬೂಸ್ಟರ್ 2
10 ಮತ್ತು 16 ವರ್ಷ – ಟಿಡಿ (ಧನುರ್ವಾಯು, ಗಂಟಲುಮಾರಿ)

ಜಪಾನೀಸ್ ಮೆದುಳುಜ್ವರದ ಲಸಿಕೆ ಆಯ್ದ ಜಿಲ್ಲೆಗಳಲ್ಲಿ ಮಾತ್ರ. ಅಂದರೆ ಗಡಿಯ ಎರಡು ಬದಿಯ ಪಟ್ಟಿ ಒಂದೇ ಎಂದು ಇಟ್ಟುಕೊಳ್ಳಬೇಡಿ; ಮಗು ಈಗ ವಾಸವಿರುವ ಜಿಲ್ಲೆಯ ಪಟ್ಟಿಯಂತೆ ಲೆಕ್ಕ ಹಾಕಿ.

ಇದನ್ನು ಸೂತ್ರದೊಳಗೆ ಹುದುಗಿಸಬೇಡಿ. ಬೇರೆ ಹಾಳೆಯಲ್ಲಿ ಪ್ರತಿ ಡೋಸಿಗೆ ಕನಿಷ್ಠ ವಯಸ್ಸು, ಹಿಂದಿನ ಡೋಸಿನಿಂದ ಕನಿಷ್ಠ ಅಂತರ, ಗರಿಷ್ಠ ವಯಸ್ಸು ಎಂಬ ಮೂರು ಸಂಖ್ಯೆ ಬರೆದಿಡಿ. ನಾಳೆ ವೇಳಾಪಟ್ಟಿ ಬದಲಾದರೆ ಆ ಹಾಳೆ ಮಾತ್ರ ತಿದ್ದಿದರಾಯಿತು.

ಈಗ ಲೆಕ್ಕ. 2025ರ ಜೂನ್ 3, ಮಂಗಳವಾರ ಹುಟ್ಟಿದ ಮಗು ಎಂದಿಟ್ಟುಕೊಳ್ಳಿ. 6 ವಾರ ತುಂಬುವುದು ಜುಲೈ 15ಕ್ಕೆ, ಮರುದಿನ ಬುಧವಾರ, ಕೇರಳದಲ್ಲಿ ಸಾಮಾನ್ಯವಾಗಿ ಲಸಿಕೆಯ ದಿನ. (ಕರ್ನಾಟಕದ ಕಡೆ ಗುರುವಾರ. ತವರಿನಿಂದ ಬಂದ ಸೊಸೆ ಇಲ್ಲಿಯೂ ಗುರುವಾರ ಹೊರಟು ಬಾಗಿಲು ನೋಡಿ ವಾಪಸಾಗುವುದು ಹೊಸದಲ್ಲ.) ಆಟಿ ತಿಂಗಳ ಹತ್ತಿರ, ಮಳೆ, ಮಗುವಿಗೆ ಶೀತ. ಎರಡು ವಾರ ತಡವಾಗಿ ಜುಲೈ 30ಕ್ಕೆ ಮೊದಲ ಪೆಂಟಾ ಆಯಿತು. ಎರಡನೆಯದು ಯಾವಾಗ?

ಹುಟ್ಟಿದ ದಿನಕ್ಕೆ 10 ವಾರ ಕೂಡಿಸುವ ಪಟ್ಟಿ ಆಗಸ್ಟ್ 12 ಎನ್ನುತ್ತದೆ, 13ರ ಬುಧವಾರ ಕರೆಯುತ್ತದೆ. ತಾಯಿ ಬಸ್ಸು ಹತ್ತಿ ಬರುತ್ತಾಳೆ. ಎರಡು ಡೋಸಿನ ನಡುವೆ ಕನಿಷ್ಠ 28 ದಿನ ಬೇಕು, ಆದದ್ದು 14. ನರ್ಸಮ್ಮ ವಾಪಸು ಕಳಿಸುತ್ತಾರೆ. ಆ ತಾಯಿ ಮುಂದಿನ ಕರೆಗೆ ಬರುತ್ತಾಳೆ ಎಂದು ನಾನು ಆಣೆ ಹಾಕಲಾರೆ. ಸರಿಯಾದ ಸೂತ್ರ: ಹುಟ್ಟಿದ ದಿನಕ್ಕೆ 70 ಕೂಡಿಸಿ, ಹಿಂದಿನ ಡೋಸಿನ ದಿನಕ್ಕೆ 28 ಕೂಡಿಸಿ, ಎರಡರಲ್ಲಿ ಯಾವುದು ಆಮೇಲೆ ಬರುವುದೋ ಅದು. ಇಲ್ಲಿ ಆಗಸ್ಟ್ 27, ಅದೂ ಬುಧವಾರವೇ.

ಮುಗಿಯಿತೇ? ಆಗಸ್ಟ್ 27 ಚೌತಿ. ಕೇರಳದ ತೆಂಕಣ ಜಿಲ್ಲೆಗಳಿಗೆ ಇಲ್ಲದ ಸ್ಥಳೀಯ ರಜೆ ಕಾಸರಗೋಡಿಗೆ ಇರುವುದುಂಟು. ತಿರುವನಂತಪುರದಲ್ಲಿ ಮಾಡಿದ ಕ್ಯಾಲೆಂಡರಿಗೆ ಮಧೂರಿನ ಗಣಪತಿ ಗೊತ್ತಿರಬೇಕೆಂದಿಲ್ಲ. ರಜೆ ಇಲ್ಲದಿದ್ದರೂ ಕನ್ನಡದ ಮನೆಗಳಿಂದ ಅಂದು ಯಾರೂ ಬರುವುದಿಲ್ಲ. ಹಾಗಾಗಿ ಸೆಪ್ಟೆಂಬರ್ 3. ಅದಕ್ಕೆ 28 ಕೂಡಿಸಿದರೆ ಮೂರನೇ ಡೋಸಿಗೆ ಅಕ್ಟೋಬರ್ 1. ಅಂದು ಮಹಾನವಮಿ! ಅಕ್ಟೋಬರ್ 8ಕ್ಕೆ ಹೋಯಿತು. 14 ವಾರಕ್ಕೆ ಸರಿಯಾಗಿ ಆಗಬೇಕಾಗಿದ್ದದ್ದು ಸೆಪ್ಟೆಂಬರ್ 9ಕ್ಕೆ. ಯಾರೂ ತಪ್ಪು ಮಾಡದೆಯೇ 29 ದಿನ ತಡ. ಈ ಲೆಕ್ಕವನ್ನು ಮುಂಚೆಯೇ ಹಾಕಿದ್ದರೆ ಆಗಸ್ಟ್ 28ಕ್ಕೋ 30ಕ್ಕೋ ಬೇರೆ ಕೇಂದ್ರದಲ್ಲಿ ಲಸಿಕೆ ಇದೆಯೇ ಎಂದು ನರ್ಸಮ್ಮನನ್ನು ಕೇಳಬಹುದಿತ್ತು. ವರ್ಷದ ಆರಂಭದಲ್ಲಿಯೇ ಎಲ್ಲ ಬುಧವಾರಗಳನ್ನು ಬರೆದು, ಚೌತಿ, ಓಣಂ, ಪೆರ್ನಾಲ್ (ಈದ್), ನವಮಿ, ಊರಿನ ಜಾತ್ರೆ, ಉರೂಸುಗಳಿಗೆ ಬೀಳುವುದನ್ನು ಹೊಡೆದುಹಾಕಿದ ಒಂದು ಹಾಳೆ ಗೋಡೆಯ ಮೇಲಿರಲಿ, ಪಟ್ಟಿಯೊಳಗೂ ಇರಲಿ.

ತಡವಾದ ಮಗುವಿಗೆ ಮೊದಲಿನಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರೆ ಸಾಕು. ಇದನ್ನು ಮನೆಯವರಿಗೆ ಹೇಳಿ. ಬೈಗುಳ ತಿನ್ನಬೇಕಾಗುತ್ತದೆಂದು ಬಾರದೆ ಉಳಿದವರು ಎಷ್ಟೋ ಮಂದಿ. 9 ತಿಂಗಳಿಗೆ ಮೊದಲು ಕೊಟ್ಟ ದಡಾರದ ಡೋಸು, ಅಂತರ ಸಾಲದ ಡೋಸು, 1 ವರ್ಷ ದಾಟಿದರೂ ರೋಟಾ ಶುರುವಾಗದ ಮಗು, ಇಂಥ ಕಡೆ ಪಟ್ಟಿ ದಿನಾಂಕ ಹೇಳಬಾರದು. ‘ಡಾಕ್ಟರನ್ನು ಕೇಳಿ’ ಎಂದು ಕೆಂಪು ಗುರುತು ಹಾಕಿ ಸುಮ್ಮನಿರಬೇಕು.

ಅಂದಹಾಗೆ ಇದರ ಹಿಂದಿನ ಯುಕ್ತಿ ಕಂಪ್ಯೂಟರಿಗಿಂತ ಹಳೆಯದು. ಗೋಡೆಗೆ ತೂಗುಹಾಕುವ ಬಟ್ಟೆಯ ಚೀಲ, ತಿಂಗಳಿಗೊಂದರಂತೆ 12 ಕಿಸೆ. ಕಾರ್ಡಿನ ಅರ್ಧ ಹರಿದು, ಮುಂದಿನ ಡೋಸು ಯಾವ ತಿಂಗಳೋ ಆ ಕಿಸೆಗೆ. ತಿಂಗಳ ಕೊನೆಗೆ ಕಿಸೆಯಲ್ಲಿ ಉಳಿದವರೇ ಬಾರದವರು. ಕರೆಂಟು ಬೇಡ, ಪಾಸ್‌ವರ್ಡು ಬೇಡ. ನಿಮ್ಮ ತಂತ್ರಾಂಶ ಈ ಚೀಲಕ್ಕಿಂತ ಚೆನ್ನಾಗಿ ಕೆಲಸ ಮಾಡದಿದ್ದರೆ ಚೀಲವನ್ನೇ ಹೊಲಿಸಿ.

ಐದನೇ ಹಂತ: ಮಗು ಈಗ ಎಲ್ಲಿದೆ

ಸರಕಾರಿ ಫಾರಂಗಳಲ್ಲಿ ವಿಳಾಸ ಒಂದೇ. ನಮ್ಮ ಮಕ್ಕಳಿಗೆ ಮೊದಲ ವರ್ಷ ಕನಿಷ್ಠ ಎರಡು ಮನೆ. ಬಾಣಂತನ ಮುಗಿಸಿ ತಾಯಿ ತವರು ಬಿಡುವ ಕಾಲ, ಮೂರರಿಂದ ಐದನೇ ತಿಂಗಳು. 10 ಮತ್ತು 14 ವಾರದ ಡೋಸುಗಳೂ ಅದೇ ಹೊತ್ತಿಗೆ. ಪೆಂಟಾ 1 ಆಗಿ 3 ಆಗದ ಮಕ್ಕಳನ್ನು ಹುಡುಕಿಕೊಂಡು ಹೋದಾಗ ನನಗೆ ಸಿಕ್ಕ ಉತ್ತರ ಹೆಚ್ಚಿನ ಸಲ ಇದೇ: “ಅಲ್ಲಿಂದ ಇಲ್ಲಿಗೆ ಬಂದದ್ದಲ್ಲವಾ, ಹಾಗೆ ಹೋಯಿತು.”

ಆದ್ದರಿಂದ ವಿಳಾಸಕ್ಕೆ ಎರಡು ಕಾಲಂ, ತವರು ಮತ್ತು ಗಂಡನ ಮನೆ. ಮೂರನೇ ಕಾಲಂ ‘ಸದ್ಯ’: ವಾರ್ಡಿನಲ್ಲಿದೆ, ತವರಿನಲ್ಲಿದೆ, ಗಡಿಯಾಚೆ ಇದೆ, ಗಲ್ಫಿನಲ್ಲಿದೆ, ಗೊತ್ತಿಲ್ಲ. ಪ್ರತಿಯೊಂದರ ಜತೆ ‘ಯಾವತ್ತು ವಿಚಾರಿಸಿದ್ದು’ ಎಂಬ ದಿನಾಂಕ. ಎರಡು ತಿಂಗಳ ಹಿಂದೆ ವಿಚಾರಿಸಿದ್ದೆಲ್ಲ ತಾನಾಗಿ ‘ಗೊತ್ತಿಲ್ಲ’ಕ್ಕೆ ಇಳಿಯುವಂತೆ ಮಾಡಿ.

ಗರ್ಭಿಣಿಯ ಏಳನೇ ತಿಂಗಳಲ್ಲೇ ಆಶಾ ಕಾರ್ಯಕರ್ತೆ ಮೂರು ಪ್ರಶ್ನೆ ಕೇಳಲಿ: ಹೆರಿಗೆ ಎಲ್ಲಿ, ಬಾಣಂತನ ಎಲ್ಲಿ, ವಾಪಸು ಯಾವಾಗ. ಸೀಮಂತದ ದಿನ ಮನೆಯವರೆಲ್ಲ ಸೇರಿರುತ್ತಾರೆ, ಅವತ್ತು ಉತ್ತರ ಸುಲಭವಾಗಿ ಸಿಗುತ್ತದೆ. ಮಗು ನಿಮ್ಮ ವಾರ್ಡಿನಿಂದ ಹೊರಟಾಗ ಹೆಸರು ಅಳಿಸಬೇಡಿ. ಆ ಕಡೆಯ ಆಶಾ ಕಾರ್ಯಕರ್ತೆ “ಮಗು ತಲುಪಿತು” ಎಂದು ಹೇಳುವ ತನಕ ಅದು ನಿಮ್ಮ ಮಗುವೇ. ಎರಡು ಬದಿಯ ಆಶಾ ಕಾರ್ಯಕರ್ತೆಯರ ಫೋನ್ ನಂಬರುಗಳನ್ನು ಎರಡೂ ಕೇಂದ್ರಗಳ ಮೂಲಕ ಕೇಳಿ ತರಿಸಿಕೊಳ್ಳಿ. ನನ್ನ ಅನುಭವದಲ್ಲಿ ವರ್ಕಾಡಿ, ಪೈವಳಿಕೆ, ಎಣ್ಮಕಜೆ ಕಡೆಯವರಿಗೆ ಆಚೆ ಬದಿಯ ಒಂದು ನಂಬರು ಹತ್ತು ಸಾಫ್ಟ್‌ವೇರಿಗೆ ಸಮ. 2020ರಲ್ಲಿ ಕೋವಿಡ್ ಹೊತ್ತಿಗೆ ಗಡಿಯ ರಸ್ತೆಗಳಿಗೆ ಮಣ್ಣು ಹಾಕಿ ಮುಚ್ಚಿದಾಗ ಅಂಥ ನಂಬರುಗಳೇ ಉಳಿದದ್ದು.

ಕೆಂಪುಕಲ್ಲಿನ ಕೋರೆಗೆ, ರಸ್ತೆ ಕೆಲಸಕ್ಕೆ ಉತ್ತರ ಕರ್ನಾಟಕದಿಂದ ಬಂದ ಕುಟುಂಬಗಳನ್ನು ಮರೆಯಬೇಡಿ. ಅವರಿಗೆ ಇಲ್ಲಿಯ ರೇಷನ್ ಕಾರ್ಡಿಲ್ಲ, ಮನೆ ನಂಬರಿಲ್ಲ. ‘ಕೋರೆಯ ಹತ್ತಿರದ ಶೆಡ್ಡು’ ಎಂಬ ವಿಳಾಸವನ್ನೂ ನಿಮ್ಮ ಪಟ್ಟಿ ಒಪ್ಪಬೇಕು. ಮೇಸ್ತ್ರಿಯ ನಂಬರು ಬರೆದುಕೊಳ್ಳಿ.

ಮಂಗಳವಾರದ ಹಾಳೆ

ಇಷ್ಟೆಲ್ಲ ಮಾಡಿದ್ದು ಒಂದು ಹಾಳೆಗಾಗಿ. ಶುಕ್ರವಾರ ಸಂಜೆ ಪಟ್ಟಿ ತೆಗೆದು ಶನಿವಾರ ಮನೆ ಭೇಟಿಗೆ, ಮಂಗಳವಾರ ನೆನಪಿಸಲಿಕ್ಕೆ. ಅಕಾರಾದಿಯಾಗಿ ಬೇಡ, ದಾರಿಯ ಕ್ರಮದಲ್ಲಿ ಇರಲಿ: ಶಾಲೆಯ ಹತ್ತಿರದಿಂದ ಶುರುಮಾಡಿ ಗುಡ್ಡೆಯ ಮನೆ, ತೋಡು ದಾಟಿ ಆಚೆಯವು. ಆಷಾಢದಲ್ಲಿ ಸಂಕ ಮುಳುಗುವ ಮನೆಗಳಿಗೆ ಬೇರೆ ಗುರುತು. ಒಂದು ಸಾಲಿನಲ್ಲಿ ಮಗು, ತಾಯಿ, ಮನೆ, ಫೋನು, ಬಾಕಿ ಡೋಸು, ಕೊನೆಯಲ್ಲಿ ಖಾಲಿ ಜಾಗ. ಆ ಖಾಲಿ ಜಾಗದಲ್ಲಿ ಆಶಾ ಕಾರ್ಯಕರ್ತೆ ಬರೆದದ್ದೇ ನಿಮಗೆ ಸಿಗುವ ಅತ್ಯಂತ ಬೆಲೆಬಾಳುವ ಮಾಹಿತಿ.

ಕಾಗದದಲ್ಲೇ ಮುದ್ರಿಸಿ. ಎಲ್ಲ ಕಡೆ ನೆಟ್‌ವರ್ಕ್ ಸಿಗುವುದಿಲ್ಲ, ಮಳೆಯಲ್ಲಿ ಫೋನ್ ಹೊರಗೆ ತೆಗೆಯಲೂ ಆಗುವುದಿಲ್ಲ. ಯಾವ ಲಿಪಿ ಎಂಬುದು ಹಾಳೆ ಹಿಡಿಯುವವರ ಇಷ್ಟ. ಮಲಯಾಳ ಓದುವ ನರ್ಸಮ್ಮನಿಗೆ ಒಂದು ಪ್ರತಿ, ಕನ್ನಡ ಓದುವ ಟೀಚರಿಗೆ ಇನ್ನೊಂದು.

ಮನೆಗೆ ಕಳಿಸುವ ಸಂದೇಶ ಮನೆಯ ಭಾಷೆಯಲ್ಲಿರಲಿ. ಕನ್ನಡ ಮಾತ್ರ ಓದುವ ತಾಯಿಗೆ ಮಲಯಾಳದ ಎಸ್ಸೆಮ್ಮೆಸ್ ಬಂದರೆ ಅದು ಬ್ಯಾಂಕಿನದೋ ಕಂಪೆನಿಯದೋ ಎಂದು ಅಳಿಸಿಬಿಡುತ್ತಾಳೆ. ಉದ್ದ ಬೇಡ: “ಅಕ್ಕ, ಮಗುವಿಗೆ ಬರುವ ಬುಧವಾರ ಎರಡನೇ ಪೆಂಟಾ ಇಂಜೆಕ್ಷನ್ ಇದೆ. ಬೆಳಗ್ಗೆ 10ಕ್ಕೆ ಬನ್ನಿ, ಕಾರ್ಡು ಮರೆಯಬೇಡಿ. ಮಗುವಿಗೆ ಹುಷಾರಿಲ್ಲದಿದ್ದರೆ ಫೋನ್ ಮಾಡಿ, ಬೇರೆ ದಿನ ನೋಡುವ.” ತುಳು, ಬ್ಯಾರಿ, ಮರಾಠಿ, ಕೊಂಕಣಿ ಮಾತಾಡುವ ಮನೆಗಳಿಗೆ ಧ್ವನಿ ಸಂದೇಶ ಒಳ್ಳೆಯದು, ಪರಿಚಯದ ದನಿಯಾದರೆ ಇನ್ನೂ ಒಳ್ಳೆಯದು.

ಬುಧವಾರ ಸಂಜೆಯೇ ಆದ ಡೋಸುಗಳನ್ನು ಸೇರಿಸಿ. ‘ನಾಳೆ ಬರೆಯುವ’ ಎಂದರೆ ಮುಂದಿನ ಹಾಳೆಯಲ್ಲಿ ಲಸಿಕೆ ಆದ ಮಗುವನ್ನೇ ಮತ್ತೆ ಕರೆದಿರುತ್ತೀರಿ. ಎರಡು ಸಲ ಹಾಗಾದರೆ ಹಾಳೆಯನ್ನು ಯಾರೂ ನಂಬುವುದಿಲ್ಲ. ಬರೆದದ್ದನ್ನು ತಪಾಸಣೆ ಮಾಡಲು ಮೂರು ಬಲೆ ಸಾಕು: ಹುಟ್ಟಿದ ದಿನಕ್ಕಿಂತ ಹಿಂದಿನ ಡೋಸು, 28 ದಿನಕ್ಕಿಂತ ಕಡಿಮೆ ಅಂತರ, ಮುಂದೆ ಬರುವ ದಿನಾಂಕ. 03/06 ಎಂಬುದನ್ನು ಕೆಲವು ಕಂಪ್ಯೂಟರುಗಳು ಮಾರ್ಚ್ 6 ಎಂದು ಓದುತ್ತವೆ. ತಿಂಗಳನ್ನು ಅಕ್ಷರದಲ್ಲೇ ಬರೆಯುವ ನಿಯಮ ಮಾಡಿ.

ಸಾಧನದ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಸಾವಿರ ಜನಕ್ಕೊಬ್ಬ ಆಶಾ ಕಾರ್ಯಕರ್ತೆ ಎಂಬುದು ಲೆಕ್ಕ. ಅವರ ವ್ಯಾಪ್ತಿಯ ಎರಡು ವರ್ಷದೊಳಗಿನ ಮಕ್ಕಳು ಒಂದು ಎಕ್ಸೆಲ್ ಹಾಳೆಗೆ ಹೊರೆಯಲ್ಲ. ಪಂಚಾಯತು ಮಟ್ಟಕ್ಕೆ ಬೆಳೆದರೆ ಓಡಿಕೆ (ODK), ಡಿಎಚ್‌ಐಎಸ್2 (DHIS2) ತರದ ಮುಕ್ತ ತಂತ್ರಾಂಶಗಳಿವೆ, ನೆಟ್ ಇಲ್ಲದೆಯೂ ಬರೆದುಕೊಳ್ಳಬಹುದು. ಅದಕ್ಕೆ ಆತುರ ಬೇಡ.

ಗುಟ್ಟು ಕಾಯುವುದು

ಕಾರ್ಡಿನ ಫೋಟೋ ವಾಟ್ಸಾಪ್ ಗುಂಪಿಗೆ ಹಾಕುವ ಚಾಳಿ ಮೊದಲು ನಿಲ್ಲಿಸಿ. ಅದರಲ್ಲಿ ತಾಯಿಯ ರಕ್ತಪರೀಕ್ಷೆಯ ವಿವರವೂ ಇರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳು, ಅವರ ಮಾಹಿತಿಗೆ ತಂದೆತಾಯಿಯ ಒಪ್ಪಿಗೆ ಬೇಕು. ಒಂದು ಸಣ್ಣ ಚೀಟಿಯಲ್ಲಿ, ಅವರ ಭಾಷೆಯಲ್ಲಿ, ಏನು ಬರೆದುಕೊಳ್ಳುತ್ತೇವೆ, ಯಾರು ನೋಡುತ್ತಾರೆ ಎಂದು ಬರೆದು ಸಹಿ ಪಡೆಯಿರಿ.

ಲಸಿಕೆ ಬೇಡವೆಂದ ಮನೆಯ ಎದುರು ‘ನಿರಾಕರಣೆ’ ಎಂದು ಬರೆದು ಕೈತೊಳೆಯಬೇಡಿ, ಏಕೆ ಎಂದು ಬರೆಯಿರಿ. ‘ಅಣ್ಣನಿಗೆ ಜ್ವರ ಬಂದಿತ್ತು’, ‘ಅಪ್ಪ ಊರಿಗೆ ಬಂದ ಮೇಲೆ ನೋಡುವ’, ಹೀಗೆ. ಹೆಚ್ಚಿನವು ಒಂದು ಮಾತಿನಿಂದ ಕರಗುವ ಕಾರಣಗಳು. ಜಾತಿ, ಧರ್ಮದ ಕಾಲಂ ಇಟ್ಟರೆ ಲಸಿಕೆಯ ಹಾಳೆ ಒಂದೇ ವಾರದಲ್ಲಿ ಬೇರೆಯೇ ಹಾಳೆಯಾಗುತ್ತದೆ. ಪಟ್ಟಿಯಲ್ಲಿ ಹೆಸರು ಇರುವುದು, ಇಲ್ಲದಿರುವುದು ಎಂದರೆ ಏನು ಎಂಬುದನ್ನು ಎಂಡೋಸಲ್ಫಾನ್ ಕೀಟನಾಶಕದ ನೋವುಂಡು, ಸಂತ್ರಸ್ತರ ಪಟ್ಟಿಗಳನ್ನು ಕಂಡ ಎಣ್ಮಕಜೆಯ ಜನರಿಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ.

ಕೆಲಸ ಆಗುತ್ತಿದೆಯೇ?

ವಾಡಿಕೆಯ ಅಳತೆ ಒಂದಿದೆ: ಪೆಂಟಾ 1 ತೆಗೆದುಕೊಂಡವರಲ್ಲಿ ಪೆಂಟಾ 3ರ ಮೊದಲೇ ಬಿಟ್ಟುಹೋದವರು ಎಷ್ಟು. 20 ಮಕ್ಕಳಲ್ಲಿ 17 ಮುಗಿಸಿದರೆ ಶೇಕಡಾ 15. ಶೇಕಡಾ 10 ದಾಟಿದರೆ ಹಿಂಬಾಲಿಸುವುದರಲ್ಲಿ ತೊಂದರೆ ಇದೆ ಎಂದು ಅರ್ಥ. ಪೆಂಟಾ 1 ಕೂಡ ಆಗದ ಮಗುವನ್ನು ಶೂನ್ಯ ಡೋಸಿನ ಮಗು ಎನ್ನುತ್ತಾರೆ, ಅವರ ಪಟ್ಟಿ ಬೇರೆಯೇ ಇರಲಿ. ಜಿಲ್ಲೆಗೆ ಶೇಕಡಾವಾರು ಬೇಕು, ಸರಿ. ವಾರ್ಡಿಗೆ ಬೇಕಾದದ್ದು ಆ ಮೂರು ಹೆಸರು. ತಿಂಗಳ ಸಭೆಯಲ್ಲಿ ಗ್ರಾಫ್ ತೋರಿಸುವ ಬದಲು ಆ ಮೂರು ಮನೆಗೆ ಯಾರು ಯಾವಾಗ ಹೋಗುವುದೆಂದು ತೀರ್ಮಾನಿಸಿ ಏಳಿ.

ಛೇದದಲ್ಲಿ, ಅಂದರೆ ಒಟ್ಟು ಮಕ್ಕಳ ಲೆಕ್ಕದಲ್ಲಿ, ಮೋಸ ಹೋಗದಿರಿ. ಪಟ್ಟಿಯಲ್ಲಿರುವ ಎಲ್ಲ ಮಕ್ಕಳಿಗೂ ಲಸಿಕೆ ಆಗಿದೆ ಎಂದರೆ ಊರಿನ ಎಲ್ಲ ಮಕ್ಕಳಿಗೂ ಆಗಿದೆ ಎಂದಲ್ಲ. ಆರು ತಿಂಗಳಿಗೊಮ್ಮೆ ಪಟ್ಟಿ ಮನೆಯಲ್ಲೇ ಬಿಟ್ಟು, ಒಂದು ದಾರಿ ಹಿಡಿದು, ಸಿಕ್ಕ ಪ್ರತಿ ಮನೆಯಲ್ಲಿ “ಚಿಕ್ಕ ಮಕ್ಕಳಿದ್ದಾರಾ?” ಎಂದು ಕೇಳುತ್ತ ನಡೆಯಿರಿ. ಆಮೇಲೆ ಬಂದು ತಾಳೆ ಹಾಕಿ. ಪಟ್ಟಿಯಲ್ಲಿ ಇಲ್ಲದ ಒಂದು ಮಗುವಾದರೂ ಸಿಕ್ಕೇ ಸಿಗುತ್ತದೆ.

ಶುರುವಿಗೆ ಒಂದೇ ಅಂಗನವಾಡಿ, ಮೂರು ತಿಂಗಳು. ಈ ಮೂರು ತಿಂಗಳಲ್ಲಿ ಹಳೆಯ ರಿಜಿಸ್ಟರು ನಿಲ್ಲಿಸಬಾರದು. ಪಟ್ಟಿಯ ನಕಲು ಎರಡು ಕಡೆ ಇಡಿ, ಕೇಂದ್ರದ ಕಂಪ್ಯೂಟರಿನಲ್ಲಿ ಒಂದು, ಪಾಸ್‌ವರ್ಡ್ ಹಾಕಿದ ಪೆನ್‌ಡ್ರೈವಿನಲ್ಲಿ ಒಂದು. ತಿಂಗಳ ಕೊನೆಯ ಹಾಳೆಯನ್ನು ಮುದ್ರಿಸಿ ಬೀರುವಿನಲ್ಲಿಡಿ. ಪಾಸ್‌ವರ್ಡನ್ನು ನೀವೊಬ್ಬರೇ ಇಟ್ಟುಕೊಳ್ಳಬೇಡಿ. ಮಂಗಳೂರಿಗೋ ಗಲ್ಫಿಗೋ ಕೆಲಸ ಸಿಕ್ಕಿ ಹೊರಡುವ ಮುನ್ನ ಎರಡು ಬುಧವಾರ ಟೀಚರಮ್ಮನೇ ಹಾಳೆ ತೆಗೆಯಲಿ, ನೀವು ಪಕ್ಕದಲ್ಲಿ ಕೈಕಟ್ಟಿ ಕೂತಿರಿ.